ಬಾಲಿಯ ಮೆಟ್ಟಿಲು ಗದ್ದೆಗಳು: ತೆಗಲಾಲಂಗ್, ಜತಿಲುವಿ, ಸಿದೆಮೆನ್... ನಿಮಗೆ ಯಾವುದು?

ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ಆಮೇಲೆ ನನ್ನ ಪರಿಚಯದವರಲ್ಲೇ ಬಾಲಿಗೆ ಹೊರಡುವವರು ಜಾಸ್ತಿಯಾಗಿದ್ದಾರೆ. ಹೊಸದಾಗಿ ಮದುವೆಯಾದವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಆಫೀಸಿನ ಗೆಳೆಯರ ಗುಂಪು. ಎಲ್ಲರ ಪಟ್ಟಿಯಲ್ಲೂ ಮೆಟ್ಟಿಲು ಗದ್ದೆ ಇರುತ್ತದೆ. ಗೊಂದಲವೂ ಎಲ್ಲರಿಗೂ ಅದೇ. ತೆಗಲಾಲಂಗ್‌ಗೆ ಹೋಗಬೇಕಾ, ಜತಿಲುವಿಗಾ? ಎರಡನ್ನೂ ಒಂದೇ ದಿನ ಮುಗಿಸಬಹುದಾ? ಸಿದೆಮೆನ್ ಅಂತ ಯಾರೋ ಹೇಳಿದರಲ್ಲ, ಅದು ದೂರವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಜಾಗ ಆರಿಸಿಕೊಳ್ಳಿ, ಅದಕ್ಕೆ ಕನಿಷ್ಠ ಅರ್ಧ ದಿನ ಕೊಡಿ. ಮೂರು ಕಡೆ ಕಾರು ನಿಲ್ಲಿಸಿ ಹತ್ತು ಹತ್ತು ನಿಮಿಷ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ. ಒಂದೇ ಕಡೆ ಬದುವಿನ ಮೇಲೆ ನಿಧಾನಕ್ಕೆ ನಡೆದರೆ ನೀರು ಎಲ್ಲಿಂದ ಬರುತ್ತದೆ, ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಹೇಗೆ ಇಳಿಯುತ್ತದೆ, ಯಾರು ಕಳೆ ಕೀಳುತ್ತಿದ್ದಾರೆ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಆ ಒಂದು ಜಾಗ ಯಾವುದು ಅನ್ನೋದು ನಿಮ್ಮ ಪ್ರವಾಸದ ಮೇಲೆ ನಿಂತಿದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲು ನೋಡಬೇಕಾದ್ದು ನೀವು ಉಳಿಯುವ ಊರು. ನಕ್ಷೆಯಲ್ಲಿ ಬಾಲಿ ಚಿಕ್ಕ ದ್ವೀಪ. ಆದರೆ ರಸ್ತೆಗಳು ಕಿರಿದು, ದಕ್ಷಿಣದ ಕುತಾ, ಸೆಮಿನ್ಯಾಕ್, ಚಂಗು ಕಡೆ ಟ್ರಾಫಿಕ್ ವಿಪರೀತ. ಗಂಟೆಗೆ 25ರಿಂದ 30 ಕಿಲೋಮೀಟರ್ ಅಂತ ಲೆಕ್ಕ ಹಾಕಿಕೊಂಡರೆ ಯೋಜನೆ ತಪ್ಪುವುದಿಲ್ಲ. ನುಸಾ ದುವಾದ ರೆಸಾರ್ಟ್‌ನಲ್ಲಿ ಉಳಿದವರಿಗೆ ಹತ್ತಿರದ ಮೆಟ್ಟಿಲು ಗದ್ದೆ ಅಂದರೂ ಹೋಗುವುದಕ್ಕೇ ಒಂದೂವರೆ ಎರಡು ಗಂಟೆ. ಒಳನಾಡಿನ ಉಬುದ್ ಪೇಟೆಯಲ್ಲಿ ಉಳಿದವರಿಗೆ ಅದೇ ಅರ್ಧ ಗಂಟೆಯ ದಾರಿ.

ಆಮೇಲೆ ಮಂಡಿ ನೋವಿನ ವಿಚಾರ. ಮೆಟ್ಟಿಲು ಗದ್ದೆ ಅಂದಮೇಲೆ ಹತ್ತಿ ಇಳಿಯುವುದು ಇದ್ದೇ ಇದೆ. ಆದರೆ ಎಲ್ಲ ಕಡೆ ಒಂದೇ ಸಮ ಇಲ್ಲ. ಕೆಲವು ಕಡೆ ಮಣ್ಣಿನ ಕಡಿದಾದ ಮೆಟ್ಟಿಲು, ಕೆಲವು ಕಡೆ ಸಿಮೆಂಟ್ ಹಾದಿ, ಕೆಲವು ಕಡೆ ಕಾರಿನಿಂದ ಇಳಿದು ಕುರ್ಚಿಯಲ್ಲಿ ಕೂತೇ ನೋಡಬಹುದು. ಹಿರಿಯರು ಜೊತೆಗಿದ್ದರೆ ಆಯ್ಕೆ ಇಲ್ಲೇ ಅರ್ಧ ಮುಗಿಯುತ್ತದೆ.

ಜನಜಂಗುಳಿ ನಿಮಗೆ ಎಷ್ಟು ಒಗ್ಗುತ್ತದೆ, ಫೋಟೋ ಮುಖ್ಯವೋ ನಡಿಗೆ ಮುಖ್ಯವೋ, ಒಂದು ರಾತ್ರಿ ಅಲ್ಲೇ ಉಳಿಯಲು ಆಗುತ್ತದೋ ಇಲ್ಲವೋ ಅನ್ನೋದನ್ನೂ ಯೋಚಿಸಿ. ದುಡ್ಡಿನ ವಿಷಯಕ್ಕೆ ಬಂದರೆ, ಗದ್ದೆಯ ಟಿಕೆಟ್ ಎಲ್ಲೂ ದೊಡ್ಡ ಮೊತ್ತ ಅಲ್ಲ. ನಿಜವಾದ ಖರ್ಚು ಕಾರಿನದು. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಕೊನೆಯದು ನನಗೆ ಬಹಳ ಮುಖ್ಯವಾದದ್ದು: ನಿಮ್ಮ ದುಡ್ಡು ಆ ಗದ್ದೆ ಉಳುವವರಿಗೆ ತಲುಪುತ್ತದಾ? ಗದ್ದೆ ನೋಡಲು ಜನ ಬಂದಷ್ಟೂ ಅದರ ಸುತ್ತ ವಿಲ್ಲಾ, ಕೆಫೆ ಏಳುತ್ತವೆ, ಗದ್ದೆಯೇ ಕಡಿಮೆಯಾಗುತ್ತದೆ. ಬಾಲಿಯ ದಕ್ಷಿಣದಲ್ಲಿ ಇದು ಕಣ್ಣೆದುರೇ ನಡೆಯುತ್ತಿದೆ. ಹಾಗಾಗಿ ರೈತರು ನಡೆಸುವ ಹಾದಿಗೆ ಟಿಕೆಟ್ ಕೊಡುವುದು, ಹಳ್ಳಿಯವರ ಮನೆಯಲ್ಲಿ ಉಳಿಯುವುದು, ಅಲ್ಲಿಯ ಅಕ್ಕಿ ಕೊಳ್ಳುವುದು, ಇವನ್ನೂ ತಕ್ಕಡಿಗೆ ಹಾಕಿ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಗದ್ದೆಯ ಹಿಂದಿನ ಸುಬಕ್

ಇದು ಪ್ರವಾಸದ ಮಾಹಿತಿ ಅಲ್ಲ ಅನ್ನಿಸಬಹುದು. ಆದರೆ ಇದು ಗೊತ್ತಿದ್ದರೆ ಜಾಗ ಆರಿಸುವುದೂ ಸುಲಭ, ನೋಡುವುದೂ ಬೇರೆಯೇ ಆಗುತ್ತದೆ.

ಬಾಲಿಯ ಗದ್ದೆಗಳು ಒಬ್ಬೊಬ್ಬ ರೈತನ ಬಿಡಿ ಬಿಡಿ ಗದ್ದೆಗಳಂತೆ ನಡೆಯುವುದಿಲ್ಲ. ಒಂದೇ ಮೂಲದಿಂದ ನೀರು ಪಡೆಯುವ ರೈತರೆಲ್ಲ ಸೇರಿ ಒಂದು ಸುಬಕ್. ಇಂಥ ಸುಬಕ್‌ಗಳು ದ್ವೀಪದಲ್ಲಿ ಸುಮಾರು 1,200 ಇವೆ. ಒಂದೊಂದರಲ್ಲಿ 50ರಿಂದ 400 ರೈತರು. ಈ ಪದ್ಧತಿ ಒಂಬತ್ತನೇ ಶತಮಾನದಿಂದ ಇದೆ. ಸುಬಕ್‌ನ ಮುಖ್ಯಸ್ಥನನ್ನು ಪೆಕಾಸೆ ಅನ್ನುತ್ತಾರೆ. ನಮ್ಮ ಹಳೇ ಮೈಸೂರು ಕಡೆಯ ಕೆರೆಗಳಲ್ಲಿ ನೀರು ಹಂಚುತ್ತಿದ್ದ ನೀರ್ಗಂಟಿಯನ್ನು ನೆನಪಿಸುವ ಕೆಲಸ, ಆದರೆ ಅಧಿಕಾರ ಅದಕ್ಕಿಂತ ಹೆಚ್ಚು. ಯಾವಾಗ ನಾಟಿ, ಯಾವಾಗ ನೀರು ಬಿಡುವುದು, ಯಾವಾಗ ಗದ್ದೆಯನ್ನು ಖಾಲಿ ಬಿಡುವುದು, ಎಲ್ಲವೂ ಸುಬಕ್ ಸಭೆಯಲ್ಲಿ ತೀರ್ಮಾನ. ನೀರಿನ ಮೂಲದಲ್ಲಿ, ಕಾಲುವೆ ಕವಲೊಡೆಯುವಲ್ಲಿ, ಗದ್ದೆಯ ಮೂಲೆಯಲ್ಲಿ ಗುಡಿಗಳಿವೆ. ಅಲ್ಲಿ ಪೂಜೆ ಭತ್ತದ ದೇವತೆ ದೇವಿ ಶ್ರೀಗೆ. ಬತೂರ್ ಸರೋವರದ ದೇವಾಲಯದಿಂದ ಹಿಡಿದು ಗದ್ದೆಯ ಬದುವಿನ ಪುಟ್ಟ ಗುಡಿಯವರೆಗೆ ಇದೊಂದೇ ಸರಪಳಿ.

1970ರ ದಶಕದಲ್ಲಿ ಇಂಡೊನೇಷ್ಯಾ ಸರ್ಕಾರ ಹೆಚ್ಚು ಇಳುವರಿಯ ತಳಿ ತಂದು, ನಾಟಿಯ ಹೊತ್ತು ಹೇಳುವ ಗುಡಿಯ ಪಂಚಾಂಗ ಬಿಟ್ಟು ಆದಷ್ಟು ಸಲ ನಾಟಿ ಮಾಡಿ ಅಂತ ರೈತರನ್ನು ಒತ್ತಾಯಿಸಿತು. ಅಕ್ಕಪಕ್ಕದವರು ಬೇರೆ ಬೇರೆ ಹೊತ್ತಿಗೆ ನಾಟಿ ಮಾಡತೊಡಗಿದರು. ನೀರಿಗೆ ಜಗಳ ಶುರುವಾಯಿತು. ಕಂದು ಜಿಗಿಹುಳುವಿಗೆ ವರ್ಷವಿಡೀ ತಿನ್ನಲು ಪೈರು ಸಿಕ್ಕಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಆಮೇಲೆ ಕಂಪ್ಯೂಟರ್ ಮಾದರಿ ಮಾಡಿ ತೋರಿಸಿದ್ದು ಇದನ್ನೇ: ಒಂದು ಕಣಿವೆಯವರೆಲ್ಲ ಒಟ್ಟಿಗೆ ನಾಟಿ, ಒಟ್ಟಿಗೆ ಕೊಯ್ಲು ಮಾಡಿದರೆ ಹುಳುವಿಗೆ ಆಹಾರ ಸಿಗದೆ ಸಾಯುತ್ತದೆ. ಮೇಲಿನವರು ಒಂದು ಹೊತ್ತಿಗೆ, ಕೆಳಗಿನವರು ಇನ್ನೊಂದು ಹೊತ್ತಿಗೆ ಶುರು ಮಾಡಿದರೆ ನೀರೂ ಸಾಲುತ್ತದೆ. ಗುಡಿಯ ಪಂಚಾಂಗ ಮಾಡುತ್ತಿದ್ದುದು ಈ ಎರಡನ್ನೂ ತೂಗಿಸುವ ಕೆಲಸ.

ನಿಮಗೆ ಇದರಿಂದ ಏನು ಉಪಯೋಗ? ಒಂದು ಕಣಿವೆ ಹಸಿರಾಗಿರುವ ವಾರದಲ್ಲೇ ಪಕ್ಕದ ಕಣಿವೆಯಲ್ಲಿ ಬರೀ ಕೂಳೆ ಇರಬಹುದು. ಹಾಗಾಗಿ "ಬಾಲಿಗೆ ಯಾವ ತಿಂಗಳು ಹೋದರೆ ಗದ್ದೆ ಹಸಿರು" ಅನ್ನೋ ಪ್ರಶ್ನೆಗೆ ಇಡೀ ದ್ವೀಪಕ್ಕೆ ಹೊಂದುವ ಉತ್ತರ ಇಲ್ಲ. ಜಾಗದಿಂದ ಜಾಗಕ್ಕೆ ಕೇಳಬೇಕು.

ಯುನೆಸ್ಕೊ 2012ರಲ್ಲಿ ಸುಬಕ್ ಪದ್ಧತಿಯ ಐದು ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಒಟ್ಟು ಸುಮಾರು 19,500 ಹೆಕ್ಟೇರ್. ಜತಿಲುವಿ ಅದರಲ್ಲಿದೆ. ಪಕೆರಿಸಾನ್ ನದಿ ಕಣಿವೆಯೂ ಇದೆ. ತೆಗಲಾಲಂಗ್ ಇಲ್ಲ. ಟೂರ್ ಪ್ಯಾಕೇಜ್‌ಗಳಲ್ಲಿ ತೆಗಲಾಲಂಗ್ ಮುಂದೆ ಯುನೆಸ್ಕೊ ಹೆಸರು ಹಾಕಿರುವುದನ್ನು ನೋಡಿದರೆ ನಂಬಬೇಡಿ.

ತೆಗಲಾಲಂಗ್: ಹತ್ತಿರ, ಚಂದ, ಗದ್ದಲ

ಉಬುದ್‌ನಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್ ಒಳಗೆ. ಇಲ್ಲಿಯ ಕಣಿವೆ ಕಿರಿದು, ಎರಡೂ ಬದಿ ಕಡಿದು, ನಡುವೆ ತೆಂಗಿನ ಮರಗಳು. ರಸ್ತೆ ಬದಿ ನಿಂತರೆ ಎದುರಿನ ಗುಡ್ಡದ ಮೆಟ್ಟಿಲುಗಳು ಗೋಡೆ ನಿಲ್ಲಿಸಿದ ಹಾಗೆ ಪೂರ್ತಿ ಕಾಣುತ್ತವೆ. ಫೋಟೋದಲ್ಲಿ ಇದನ್ನು ಮೀರಿಸುವ ಜಾಗ ಬಾಲಿಯಲ್ಲಿ ಇಲ್ಲ. ಬಾಲಿ ಅಂದಾಗ ಮನಸ್ಸಿಗೆ ಬರುವ ಚಿತ್ರ ಬಹಳ ಸಲ ಇಲ್ಲಿಯದೇ.

ಆದರೆ ಜಾಗ ಚಿಕ್ಕದು. ಬೆಳಿಗ್ಗೆ ಒಂಬತ್ತರ ಮೇಲೆ ವ್ಯಾನುಗಳು ಸಾಲುಗಟ್ಟುತ್ತವೆ. ಉಯ್ಯಾಲೆ, ಹಕ್ಕಿಗೂಡಿನ ಆಕಾರದ ಫೋಟೋ ತಾಣ, ಬಾಡಿಗೆಗೆ ಉದ್ದನೆಯ ಗೌನು, ಎಲ್ಲವೂ ಇದೆ, ಎಲ್ಲಕ್ಕೂ ಬೇರೆ ಬೇರೆ ದುಡ್ಡು. ಕಣಿವೆಗೆ ಇಳಿದ ಮೇಲೆ ಕೆಲವು ಕಡೆ ದಾರಿಗೆ ಅಡ್ಡಲಾಗಿ ಕಾಣಿಕೆ ಡಬ್ಬಿ ಇಟ್ಟು ಕೂತಿರುತ್ತಾರೆ. ಅದನ್ನು ನೋಡಿ ಸಿಟ್ಟಾಗುವವರು ತುಂಬಾ. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ನಾವು ತುಳಿಯುತ್ತಿರುವುದು ಅವರ ಬದು, ದಿನಾ ಸಾವಿರಾರು ಕಾಲು ಬಿದ್ದರೆ ಅದನ್ನು ಮತ್ತೆ ಕಟ್ಟಬೇಕಾದವರೂ ಅವರೇ. ಹತ್ತು, ಇಪ್ಪತ್ತು ಸಾವಿರ ರುಪಿಯಾದ, ಅಂದರೆ ನಮ್ಮ ಐವತ್ತು ನೂರು ರೂಪಾಯಿಯ ಚಿಲ್ಲರೆ ನೋಟು ಜೇಬಲ್ಲಿಟ್ಟುಕೊಂಡು ಹೋಗಿ, ಸುಮ್ನೆ ಕೊಟ್ಟು ಮುಂದೆ ನಡೆಯಿರಿ. ಹೆಗಲ ಮೇಲೆ ಬುಟ್ಟಿ ಹೊತ್ತ ಹಿರಿಯರು ಫೋಟೋಗೆ ನಿಂತರೆ ಅವರಿಗೂ ಕೊಡಬೇಕು. ಅದು ಅವರ ದಿನದ ಕೆಲಸ.

ಇಲ್ಲಿಗೆ ಬೆಳಿಗ್ಗೆ ಏಳರೊಳಗೆ ತಲುಪಿ. ಓರೆ ಬಿಸಿಲು ಬಿದ್ದಾಗ ಪ್ರತಿ ಮೆಟ್ಟಿಲಿನ ಅಂಚೂ ಬಿಡಿಯಾಗಿ ಕಾಣುತ್ತದೆ, ದಾರಿ ಖಾಲಿ ಇರುತ್ತದೆ. ಒಂದೂವರೆ ಗಂಟೆಯಲ್ಲಿ ಇಳಿದು, ಎದುರಿನ ಗುಡ್ಡ ಹತ್ತಿ, ವಾಪಸ್ ಬಂದು ಮೇಲಿನ ಹೋಟೆಲಿನಲ್ಲಿ ತಿಂಡಿ ತಿನ್ನಬಹುದು. ಮಳೆ ಬಂದ ಮರುದಿನ ಮೆಟ್ಟಿಲು ಜಾರುತ್ತವೆ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಮಂಡಿ ನೋವಿನವರು ಕೆಳಗಿಳಿಯದೆ ಮೇಲೆ ಕೂತೇ ನೋಡಬಹುದು. ಈ ಒಂದು ಕಾರಣಕ್ಕೆ ಅಜ್ಜ ಅಜ್ಜಿ ಜೊತೆಗಿರುವ, ಉಬುದ್‌ನಲ್ಲಿ ಉಳಿದ ಕುಟುಂಬಕ್ಕೆ ನಾನು ಹಿಂಜರಿಯದೆ ತೆಗಲಾಲಂಗ್ ಹೇಳುತ್ತೇನೆ.

ಚಾಲಕರು ದಾರಿಯಲ್ಲಿ ಲುವಾಕ್ ಕಾಫಿ (ಪುನುಗು ಬೆಕ್ಕಿನ ಹಿಕ್ಕೆಯಲ್ಲಿ ಸಿಗುವ ಬೀಜದ ಕಾಫಿ) ತೋಟಕ್ಕೆ ನಿಲ್ಲಿಸುವುದು ಮಾಮೂಲಿ. ಪುನುಗು ಬೆಕ್ಕನ್ನು ಬೋನಿನಲ್ಲಿಟ್ಟು ಕಾಫಿ ಹಣ್ಣು ತಿನ್ನಿಸುವ ಜಾಗಗಳು ಅಲ್ಲಿ ತುಂಬಾ ಇವೆ. ಬೇಡ ಅಂತ ಮೊದಲೇ ಹೇಳಿಬಿಡಿ. ಅರ್ಧ ಗಂಟೆಯೂ ಉಳಿಯುತ್ತದೆ.

ಜತಿಲುವಿ: ನಡೆಯುವವರ ಜಾಗ

ತಬನಾನ್ ಜಿಲ್ಲೆಯಲ್ಲಿ, 2,276 ಮೀಟರ್ ಎತ್ತರದ ಬತುಕಾರು ಬೆಟ್ಟದ ದಕ್ಷಿಣ ಇಳಿಜಾರು. ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್. ಕುತಾದ ಸೆಕೆಯಿಂದ ಬಂದವರಿಗೆ ಗಾಳಿಯೇ ಬೇರೆ ಅನ್ನಿಸುತ್ತದೆ. ತೆಗಲಾಲಂಗ್ ಕಿರಿದಾದ ಕಣಿವೆಯಾದರೆ ಇದು ವಿಶಾಲ. ಆರುನೂರು ಹೆಕ್ಟೇರಿಗೂ ಮಿಗಿಲಾದ ಗದ್ದೆ ಅಲೆ ಅಲೆಯಾಗಿ ಇಳಿದು ದೂರದಲ್ಲಿ ತೆಂಗಿನ ತೋಟಗಳಲ್ಲಿ ಸೇರುತ್ತದೆ. ಒಂದೇ ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ. ನಡೆದೇ ನೋಡಬೇಕು.

ನಡೆಯಲು ವ್ಯವಸ್ಥೆಯೂ ಇಲ್ಲಿ ಅಚ್ಚುಕಟ್ಟು. ಬಣ್ಣದ ಗುರುತು ಹಾಕಿದ ಹಲವು ಹಾದಿಗಳಿವೆ. ಒಂದು ಗಂಟೆಯೊಳಗೆ ಮುಗಿಯುವ ಸಮತಟ್ಟಾದ ಸುತ್ತಿನಿಂದ ಹಿಡಿದು ಮೂರು ಗಂಟೆ ಬೇಕಾಗುವ ಉದ್ದದ ದಾರಿಯವರೆಗೆ. ಚಿಕ್ಕ ಸುತ್ತಿನ ಬಹುಪಾಲು ಗಟ್ಟಿ ನೆಲ. ನಡೆಯಲು ಆಗದವರಿಗೆ ಬಾಡಿಗೆ ಇ-ಸೈಕಲ್ ಇದೆ. ದಾರಿಯುದ್ದಕ್ಕೂ ಕಾಲುವೆಯ ನೀರು ಪಕ್ಕದಲ್ಲೇ ಹರಿಯುತ್ತದೆ. ಅದನ್ನು ಪಾಲು ಮಾಡುವ ಕಟ್ಟೆಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಇಷ್ಟು ಅಗಲದ ಗಂಡಿ ಈ ಕವಲಿಗೆ, ಅಷ್ಟು ಅಗಲದ್ದು ಆ ಕವಲಿಗೆ. ಸುಬಕ್ ಸಭೆಯ ಇಡೀ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇಲ್ಲಿಯ ವಿಶೇಷ ಕೆಂಪಕ್ಕಿ. ಬಾಲಿಯ ಹಳೆಯ ನಾಟಿ ತಳಿ, ಎತ್ತರಕ್ಕೆ ಬೆಳೆಯುತ್ತದೆ, ಬಲಿಯಲು ಐದಾರು ತಿಂಗಳು ಬೇಕು. ಸಾಮಾನ್ಯವಾಗಿ ಜನವರಿ ಸುಮಾರಿಗೆ ನಾಟಿ, ಜೂನ್-ಜುಲೈ ಹೊತ್ತಿಗೆ ಕೊಯ್ಲು. ಆಮೇಲೆ ಬೇಗ ಬೆಳೆಯುವ ಬಿಳಿ ಅಕ್ಕಿಯ ತಳಿ. ಅಂದರೆ ಮಾರ್ಚ್‌ನಿಂದ ಮೇವರೆಗೆ ಹೋದರೆ ಗದ್ದೆ ತುಂಬಿ ನಿಂತಿರುವ ಸಾಧ್ಯತೆ ಹೆಚ್ಚು, ಜೂನ್ ಕಡೆಗೆ ಹೊಂಬಣ್ಣ. ಅಲ್ಲಿಯ ವಾರುಂಗ್‌ಗಳಲ್ಲಿ, ಅಂದರೆ ಚಿಕ್ಕ ಹೋಟೆಲುಗಳಲ್ಲಿ, ಈ ಅಕ್ಕಿಯ ಅನ್ನ ಸಿಗುತ್ತದೆ. ಹುರಿದ ಕೆಂಪಕ್ಕಿಯಿಂದ ಮಾಡಿದ ಬಿಸಿ ಪಾನೀಯವೂ ಇದೆ. ಒಂದು ಕಿಲೋ ಅಕ್ಕಿ ಕೊಂಡು ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಹಳೆಯ ತಳಿ ಉಳಿಯುವುದು ಕೊಳ್ಳುವವರು ಇದ್ದರೆ ಮಾತ್ರ ಅಲ್ವಾ?

2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಜತಿಲುವಿಯನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಖಾಲಿ ಇರುತ್ತದೆ ಅಂತ ನಿರೀಕ್ಷೆ ಬೇಡ. ಮಧ್ಯಾಹ್ನ ಮುಖ್ಯ ರಸ್ತೆಯಲ್ಲಿ ಬಸ್ಸುಗಳು ನಿಂತಿರುತ್ತವೆ. ಆದರೆ ಜನ ರಸ್ತೆ ಬದಿಯ ಹೋಟೆಲುಗಳಲ್ಲೇ ಉಳಿಯುತ್ತಾರೆ. ಹಾದಿಯಲ್ಲಿ ಕಾಲು ಗಂಟೆ ನಡೆದರೆ ನಿಮ್ಮ ಜೊತೆ ಬಾತುಕೋಳಿಗಳು ಮಾತ್ರ.

ತೊಂದರೆ ಅಂದರೆ ದೂರ. ಉಬುದ್‌ನಿಂದ ಒಂದೂವರೆ ಗಂಟೆ, ಸೆಮಿನ್ಯಾಕ್ ಕಡೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ಆ್ಯಪ್‌ನ ಕಾರಿನಲ್ಲಿ ಹೋದರೆ ವಾಪಸ್ ಬರಲು ಗಾಡಿ ಸಿಗುವುದು ಕಷ್ಟ, ಹಾಗಾಗಿ ದಿನದ ಬಾಡಿಗೆಯ ಕಾರೇ ಬೇಕು. ಬೆದುಗುಲ್‌ನ ಬ್ರತಾನ್ ಸರೋವರದ ದೇವಾಲಯ ಇದೇ ದಿಕ್ಕಿನಲ್ಲಿದೆ. ಎರಡೂ ಸೇರಿಸಿದರೆ ಒಂದು ಪೂರ್ತಿ ದಿನ ಚೆನ್ನಾಗಿ ತುಂಬುತ್ತದೆ. ಮಧ್ಯಾಹ್ನದ ಮೇಲೆ ಬೆಟ್ಟಕ್ಕೆ ಮೋಡ ಕವಿಯುವುದು ಸಾಮಾನ್ಯ, ಆದ್ದರಿಂದ ಗದ್ದೆ ಮೊದಲು, ದೇವಾಲಯ ಆಮೇಲೆ.

ಸಿದೆಮೆನ್: ಉಳಿಯಲು ಸಾಧ್ಯವಾದರೆ

ಎರಡು ರಾತ್ರಿ ಬಿಡಿಸಿಕೊಳ್ಳಲು ಆಗುವವರಿಗೆ ನನ್ನ ಆಯ್ಕೆ ಇದೇ. ಪೂರ್ವದ ಕರಂಗಸೆಮ್ ಜಿಲ್ಲೆಯ ಕಣಿವೆ. ಉಬುದ್‌ನಿಂದ ಒಂದು ಒಂದೂವರೆ ಗಂಟೆ. ಮೋಡ ಇಲ್ಲದ ಬೆಳಿಗ್ಗೆ ಗದ್ದೆಗಳ ತುದಿಯಲ್ಲಿ ಅಗುಂಗ್ ಅಗ್ನಿಪರ್ವತ ನಿಂತಿರುತ್ತದೆ, ಮೂರು ಸಾವಿರ ಮೀಟರಿಗೂ ಎತ್ತರ, ಬಾಲಿಯ ಅತಿ ಎತ್ತರದ ಬೆಟ್ಟ. 1963ರಲ್ಲಿ ಭೀಕರವಾಗಿ ಸಿಡಿದಿತ್ತು, 2017ರಿಂದ 2019ರವರೆಗೂ ಆಗಾಗ ಬೂದಿ ಉಗುಳಿತು.

ಇಲ್ಲಿ ಟಿಕೆಟ್ ಗೇಟ್ ಇಲ್ಲ. ಗದ್ದೆಯೇ ಊರು. ನೀವು ಉಳಿದ ಹೋಂಸ್ಟೇ ಬಾಗಿಲಿನಿಂದ ಹೊರಗೆ ಬಂದರೆ ಬದು. ಒಂದೊಂದು ತಟ್ಟಿನಲ್ಲಿ ಭತ್ತದ ಬದಲು ಮೆಣಸಿನಕಾಯಿ, ಚೆಂಡುಹೂವೂ ಇರುತ್ತದೆ. ನೋಡುವ ಜಾಗ ಅಂತ ಯಾವುದನ್ನೂ ಗುರುತು ಮಾಡಿಲ್ಲ. ಅದೇ ಇದರ ಚೆಲುವು. ಕೆಲವರಿಗೆ ಅದೇ ಬೇಸರ. ತೆಗಲಾಲಂಗ್‌ನ ಫೋಟೋ ಮನಸ್ಸಿನಲ್ಲಿಟ್ಟುಕೊಂಡು ಕಾರಿನಲ್ಲಿ ಹೋಗಿ ಒಂದು ಗಂಟೆ ಸುತ್ತಿ ಬಂದವರು "ಅಲ್ಲೇನಿದೆ?" ಅನ್ನುತ್ತಾರೆ. ಸಿದೆಮೆನ್ ಹಾಗೆ ನೋಡುವ ಊರಲ್ಲ. ಸಂಜೆ ಬಂದು, ರಾತ್ರಿ ಕಪ್ಪೆಗಳ ಸದ್ದು ಕೇಳಿ, ಬೆಳಿಗ್ಗೆ ಆರಕ್ಕೆ ಎದ್ದು ಹಳ್ಳಿಯವರೊಬ್ಬರ ಜೊತೆ ಎರಡು ಗಂಟೆ ನಡೆದರೆ ಅದರ ರುಚಿ ಹತ್ತುತ್ತದೆ. ಜೊತೆಗೆ ಬರುವವರನ್ನು ಹೋಂಸ್ಟೇಯವರೇ ಗೊತ್ತು ಮಾಡಿಕೊಡುತ್ತಾರೆ. ಯಾವ ಗದ್ದೆ ಯಾರದು, ಎಲ್ಲಿ ಇಲಿ ಕಾಟ, ಈ ಸಲ ಮೆಣಸಿನಕಾಯಿಗೆ ಬೆಲೆ ಎಷ್ಟು ಅಂತ ಮಾತು ಹೋಗುತ್ತದೆ.

ಮಧ್ಯಾಹ್ನಕ್ಕೆ ನೇಕಾರರ ಮನೆಗಳಿವೆ. ಎಂಡೆಕ್ ಮತ್ತು ಜರಿಯ ಸೊಂಗ್‌ಕೆಟ್ ಬಟ್ಟೆಗೆ ಈ ಕಣಿವೆ ಹೆಸರಾದದ್ದು. ಇಳಕಲ್, ಮೊಳಕಾಲ್ಮೂರು ಸೀರೆ ಉಟ್ಟು ಬೆಳೆದವರಿಗೆ ಆ ಮಗ್ಗದ ಮುಂದೆ ಕೂರುವುದು ಬಹಳ ಇಷ್ಟವಾಗುತ್ತದೆ. 1930ರ ದಶಕದಲ್ಲಿ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಉಬುದ್‌ಗೆ ಬರುವ ಅತಿಥಿಗಳಿಂದ ದೂರ ಇರಲು ಮನೆ ಮಾಡಿಕೊಂಡದ್ದು ಇಲ್ಲೇ ಪಕ್ಕದ ಇಸೆ ಹಳ್ಳಿಯಲ್ಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಭಾರತೀಯ ಹೋಟೆಲು ಹುಡುಕಬೇಡಿ. ಆದರೆ ಹೋಂಸ್ಟೇಯಲ್ಲಿ ಹಿಂದಿನ ದಿನವೇ ಹೇಳಿದರೆ ಅನ್ನ, ತೆಂಪೆ, ತೋಫು, ತೆಂಗಿನಕಾಯಿ ಹಾಕಿದ ಪಲ್ಯ ಮಾಡಿಕೊಡುತ್ತಾರೆ. ಸಾಂಬಲ್ ಚಟ್ನಿಯಲ್ಲಿ ತೆರಾಸಿ ಅನ್ನೋ ಸೀಗಡಿ ಪೇಸ್ಟ್ ಇರುವುದು ಸಾಮಾನ್ಯ. "ತನ್ಪಾ ತೆರಾಸಿ, ತನ್ಪಾ ಇಕಾನ್, ತನ್ಪಾ ದಾಗಿಂಗ್" ಅಂದರೆ ಸೀಗಡಿ ಪೇಸ್ಟ್, ಮೀನು, ಮಾಂಸ ಇಲ್ಲದೆ ಕೊಡುತ್ತಾರೆ. ಈ ಮೂರು ಮಾತು ಬಾಲಿಯ ಎಲ್ಲ ಹಳ್ಳಿಗಳಲ್ಲೂ ಕೆಲಸಕ್ಕೆ ಬರುತ್ತವೆ.

ಉಳಿದವು, ಚುಟುಕಾಗಿ

ದೇವಾಲಯವೂ ಗದ್ದೆಯೂ ಒಂದೇ ಕಡೆ ಬೇಕು ಅನ್ನುವವರು ತಂಪಕ್‌ಸಿರಿಂಗ್‌ನ ಗುನುಂಗ್ ಕಾವಿಗೆ ಹೋಗಿ. ಹನ್ನೊಂದನೇ ಶತಮಾನದಲ್ಲಿ ಬಂಡೆಯಲ್ಲೇ ಕೊರೆದ ದೊಡ್ಡ ಗುಡಿಗಳು, ಪಕ್ಕದಲ್ಲಿ ಪಕೆರಿಸಾನ್ ನದಿ, ಇಳಿಯುವ ದಾರಿಯ ಬದಿಗೆ ಮೆಟ್ಟಿಲು ಗದ್ದೆ. ಬಾಲಿಯಲ್ಲಿ ಗೊತ್ತಿರುವ ಅತಿ ಹಳೆಯ ನೀರಾವರಿ ವ್ಯವಸ್ಥೆ ಈ ಕಣಿವೆಯದು. ಹತ್ತಿರದ ತೀರ್ಥ ಎಂಪುಲ್ ದೇವಾಲಯದ ಶಾಸನ ಕ್ರಿ.ಶ. 962ರದು. ಆದರೆ ಇಲ್ಲಿ 250ಕ್ಕೂ ಹೆಚ್ಚು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಬೇರೆ ದಾರಿ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವ ಮುನ್ನ ಯೋಚಿಸಿ.

ಉತ್ತರದ ಮುಂಡುಕ್‌ಗೆ ಹೋಗುವುದು ಮುಖ್ಯವಾಗಿ ಜಲಪಾತಕ್ಕೆ, ತಂಪಿಗೆ, ಲವಂಗದ ತೋಟಗಳಿಗೆ. ಗದ್ದೆ ಅಲ್ಲಿ ಎರಡನೆಯದು. ಪಶ್ಚಿಮದ ಪುಪುವಾನ್ ರಸ್ತೆಯ ಬೆಲಿಂಬಿಂಗ್ ಬಹಳ ಚೆಲುವಾದ ಕಣಿವೆ, ಪ್ರವಾಸಿಗರು ಕಡಿಮೆ. ಉತ್ತರದ ಲೊವಿನಾ ಕಡಲಿಗೆ ಆ ದಾರಿಯಲ್ಲಿ ಹೋಗುವವರು ನಿಲ್ಲಲೇಬೇಕು. ಅದಕ್ಕಾಗಿಯೇ ದಕ್ಷಿಣದಿಂದ ಹೋಗಿ ಬರುವುದು ನನ್ನ ಪ್ರಕಾರ ಬೇಡ.

ಇನ್ನು ದುಡ್ಡೇ ಬೇಡದ ದಾರಿ. ಉಬುದ್ ಪೇಟೆಯ ಕಾಜೆಂಗ್ ಬೀದಿಯಿಂದ ಉತ್ತರಕ್ಕೆ ನಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಗದ್ದೆ ಬಯಲು. ಮೆಟ್ಟಿಲು ಅಷ್ಟಾಗಿ ಇಲ್ಲ, ಹೆಚ್ಚು ಕಡಿಮೆ ಸಮತಟ್ಟು. ಕಾರು ಬೇಡ. ಸಂಜೆ ಐದಕ್ಕೆ ಹೋದರೆ ಸಾಕು. ಬೈಕುಗಳು ಮಾತ್ರ ಅದೇ ಕಿರಿದಾದ ಹಾದಿಯಲ್ಲಿ ಬರುತ್ತವೆ, ಪಕ್ಕಕ್ಕೆ ಸರಿದು ನಿಲ್ಲಬೇಕು. ಊರಿನ ನಾಯಿಗಳನ್ನು ಮುಟ್ಟಬೇಡಿ. 2008ರಿಂದ ಬಾಲಿಯಲ್ಲಿ ರೇಬಿಸ್ ಇದೆ. ಈ ಮಾತು ಎಲ್ಲ ಗದ್ದೆ ನಡಿಗೆಗೂ ಸೇರಿದ್ದು.

ಖರ್ಚಿನ ಲೆಕ್ಕ

ರುಪಿಯಾ ಲೆಕ್ಕ ತಲೆ ತಿರುಗಿಸುತ್ತದೆ. ಕೊನೆಯ ಎರಡು ಸೊನ್ನೆ ತೆಗೆದು ಅರ್ಧ ಮಾಡಿ, ಹತ್ತಿರ ಹತ್ತಿರ ನಮ್ಮ ರೂಪಾಯಿ ಬರುತ್ತದೆ. 50,000 ರುಪಿಯಾ ಅಂದರೆ 250 ರೂಪಾಯಿಯ ಆಸುಪಾಸು.

ತೆಗಲಾಲಂಗ್ ಟಿಕೆಟ್ ಇದಕ್ಕಿಂತ ಕಡಿಮೆಗೇ ಸಿಗುತ್ತದೆ. ಜತಿಲುವಿ ಸ್ವಲ್ಪ ಜಾಸ್ತಿ. ಎರಡೂ ತಲೆಗೆ 500 ರೂಪಾಯಿ ದಾಟುವುದಿಲ್ಲ. ಚಾಲಕರ ಸಮೇತ ಕಾರು ಎಂಟು ಹತ್ತು ಗಂಟೆಗೆ ಆರರಿಂದ ಒಂಬತ್ತು ಲಕ್ಷ ರುಪಿಯಾ, ನಮ್ಮ 3,000ದಿಂದ 4,500 ರೂಪಾಯಿ. ನಾಲ್ಕು ಜನ ಇದ್ದರೆ ಇದು ಹಗುರ. ಒಬ್ಬರೇ ಹೋದರೆ ಭಾರ. ಉಯ್ಯಾಲೆ, ಫೋಟೋ ತಾಣಗಳಿಗೆ ಗದ್ದೆಯ ಟಿಕೆಟ್‌ಗಿಂತ ಹಲವು ಪಟ್ಟು ಕೀಳುತ್ತಾರೆ, ಅದು ನಿಮ್ಮಿಷ್ಟ.

ಸ್ಕೂಟರ್ ದಿನಕ್ಕೆ ಒಂದು ಲಕ್ಷ ರುಪಿಯಾ ಆಚೆ ಈಚೆ, ಅಂದರೆ 500 ರೂಪಾಯಿ. ಒಂಟಿಯಾಗಿ ಹೋಗುವವರಿಗೆ, ಜೋಡಿಗಳಿಗೆ ಇದು ದೊಡ್ಡ ಉಳಿತಾಯ. ಆದರೆ ದ್ವಿಚಕ್ರ ವಾಹನಕ್ಕೂ ಹೊಂದುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಊರಲ್ಲೇ ಮಾಡಿಸಿಕೊಂಡು ಹೋಗಿ. ಅದು ಇಲ್ಲದೆ ಬಿದ್ದರೆ ವಿಮೆ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಉಬುದ್‌ನಿಂದ ತೆಗಲಾಲಂಗ್‌ಗೆ ಸ್ಕೂಟರ್ ಸರಿ. ಜತಿಲುವಿ ದಾರಿಯ ಏರು, ತಿರುವುಗಳಿಗೆ ಗುಡ್ಡದ ರಸ್ತೆಯಲ್ಲಿ ಓಡಿಸಿ ರೂಢಿ ಇರಬೇಕು. ಇದಲ್ಲದೆ 2024ರ ಫೆಬ್ರವರಿಯಿಂದ ಬಾಲಿಗೆ ಬರುವ ಪ್ರತಿ ವಿದೇಶಿ ಪ್ರವಾಸಿಗೂ 1,50,000 ರುಪಿಯಾ ಶುಲ್ಕ ಇದೆ, ವೀಸಾ ಖರ್ಚು ಬೇರೆ.

ಯಾರಿಗೆ ಯಾವುದು

ನಾಲ್ಕೈದು ದಿನದ ಪ್ರವಾಸ, ಒಂದೆರಡು ರಾತ್ರಿ ಉಬುದ್‌ನಲ್ಲಿ, ಜೊತೆಗೆ ಹಿರಿಯರು ಅಥವಾ ಪುಟ್ಟ ಮಕ್ಕಳು: ಬೆಳಿಗ್ಗೆ ಬೇಗ ತೆಗಲಾಲಂಗ್. ಅದೇ ಪ್ರವಾಸದಲ್ಲಿ ಎಲ್ಲರೂ ಚೆನ್ನಾಗಿ ನಡೆಯುವವರಾದರೆ ತೆಗಲಾಲಂಗ್ ಬಿಟ್ಟು ಜತಿಲುವಿಗೆ ಒಂದು ದಿನ ಕೊಡಿ. ಸೆಮಿನ್ಯಾಕ್, ಚಂಗುದಲ್ಲೇ ಉಳಿದು ಒಂದೇ ಒಂದು ದಿನ ಒಳನಾಡಿಗೆ ಹೋಗುವವರಿಗೂ ಜತಿಲುವಿಯೇ ಮೇಲು. ಎರಡು ಗಂಟೆ ಕಾರಿನಲ್ಲಿ ಕೂತು ತೆಗಲಾಲಂಗ್‌ಗೆ ಹತ್ತು ಗಂಟೆಯ ಜಂಗುಳಿಯಲ್ಲಿ ತಲುಪುವುದರಲ್ಲಿ ಅರ್ಥವಿಲ್ಲ.

ಹನಿಮೂನಿಗೆ ಹೊರಟವರು ಏಳೆಂಟು ದಿನ ಇರುವುದಾದರೆ ಉಬುದ್‌ನ ಎರಡು ರಾತ್ರಿ ಕಡಿಮೆ ಮಾಡಿ ಸಿದೆಮೆನ್‌ಗೆ ಕೊಡಿ. ನುಸಾ ದುವಾದಿಂದ ಹೊರಗೇ ಬರದ ರೆಸಾರ್ಟ್ ಪ್ರವಾಸವಾದರೆ ದೂರ ನೋಡಿ ಗದ್ದೆಯನ್ನು ಕೈಬಿಟ್ಟರೂ ಬೇಸರ ಬೇಡ. ನಾಲ್ಕು ಗಂಟೆ ಟ್ರಾಫಿಕ್‌ನಲ್ಲಿ ಕೂತ ಮಕ್ಕಳಿಗೆ ಯಾವ ಗದ್ದೆಯೂ ಚಂದ ಕಾಣುವುದಿಲ್ಲ.

ತಿಂಗಳ ವಿಚಾರದಲ್ಲಿ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ಬದು ಒಣಗಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಜನ ಜಾಸ್ತಿ. ಮಳೆಗಾಲದಲ್ಲೂ ಬೆಳಿಗ್ಗೆ ಬಹಳ ಸಲ ಬಿಸಿಲಿರುತ್ತದೆ, ಮಳೆ ಮಧ್ಯಾಹ್ನದ ಮೇಲೆ. ಮಾರ್ಚ್ ಸುಮಾರಿಗೆ ಬರುವ ನ್ಯೇಪಿ ಹಬ್ಬದ ದಿನ ಮಾತ್ರ ಪಂಚಾಂಗ ನೋಡಿಕೊಳ್ಳಿ. ಆ 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಯಾರೂ ರಸ್ತೆಗೆ ಇಳಿಯುವಂತಿಲ್ಲ.

ಪೈರಿನ ಹಂತಕ್ಕೆ ತಿಂಗಳ ಪಟ್ಟಿ ನಂಬುವುದಕ್ಕಿಂತ ಒಳ್ಳೆಯ ಉಪಾಯ ಇದೆ. ಹೊರಡುವ ಒಂದು ವಾರ ಮೊದಲು ನಿಮ್ಮ ಹೋಂಸ್ಟೇಯವರಿಗೋ ಚಾಲಕರಿಗೋ ವಾಟ್ಸ್ಆ್ಯಪ್ ಮಾಡಿ, ಇವತ್ತಿನ ಗದ್ದೆಯ ಫೋಟೋ ಒಂದು ಕಳಿಸಿ ಅಂತ ಕೇಳಿ. ಸಾಮಾನ್ಯವಾಗಿ ಖುಷಿಯಿಂದ ಕಳಿಸುತ್ತಾರೆ. ನೀರು ನಿಂತ ಗದ್ದೆಯಾದರೆ ಬೆಳಿಗ್ಗೆ ಆಕಾಶದ ಬಿಂಬಕ್ಕೆ ಹೋಗಿ, ಹೊಂಬಣ್ಣವಾದರೆ ಸಂಜೆಯ ಬಿಸಿಲಿಗೆ ಹೋಗಿ. ಬರೀ ಕೂಳೆ ಇದ್ದರೆ ಹತ್ತಿರದ ಯಾವ ಸುಬಕ್‌ನಲ್ಲಿ ಪೈರು ನಿಂತಿದೆ ಅಂತ ಅವರನ್ನೇ ಕೇಳಿ. ಅದು ಅವರಿಗೆ ಗೊತ್ತಿರುತ್ತದೆ, ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ.